ಸಂಪಾದಕರ ಉತ್ತರ: 40 ಕೆ.ಬಿ.ಯ ಆಟವೂ 100 ಜಿ.ಬಿ.ಯ ಆಟವೂ

ಮಂಡ್ಯದ ಓದುಗರೊಬ್ಬರು ಬರೆದಿರುವ ದೀರ್ಘ ಪತ್ರದ ಸಾರ ಇಷ್ಟು. 'ಹೊಸ ಪೀಳಿಗೆಯ ಕನ್ಸೋಲ್ (ಟಿ.ವಿ.ಗೆ ಜೋಡಿಸುವ ಆಟದ ಯಂತ್ರ) ಬಂದಾಗಲೆಲ್ಲ ಆಟಗಳ ಗುಣಮಟ್ಟ ಒಂದು ಮೆಟ್ಟಿಲು ಮೇಲೇರಿದೆ' ಎಂದು ಕಳೆದ ಸಂಚಿಕೆಯಲ್ಲಿ ನಾವು ಬರೆದದ್ದನ್ನು ಅವರು ಒಪ್ಪುವುದಿಲ್ಲ. 1990ರ ದಶಕದಲ್ಲಿ ಅಣ್ಣನ ಜೊತೆ ಕೂತು ಆಡಿದ ಮಾರಿಯೋ, ಕಾಂಟ್ರಾ ಇವತ್ತಿಗೂ ಅವರಿಗೆ ಬೇಸರ ತರಿಸುವುದಿಲ್ಲ. ಮಗನ ಪ್ಲೇಸ್ಟೇಷನ್ 5ರ ಆಟಗಳು 100 ಜಿ.ಬಿ. ಜಾಗ ನುಂಗಿಯೂ ಒಂದೇ ವಾರದಲ್ಲಿ ಸಪ್ಪೆಯಾಗುತ್ತವೆ. 'ಗುಣಮಟ್ಟ ಏರಿಲ್ಲ, ಇಳಿದಿದೆ. ಒಪ್ಪಿಕೊಳ್ಳಿ' ಎನ್ನುವುದು ಅವರ ಸವಾಲು. ಅಟ್ಟದ ಮೇಲಿರುವ ಹಳೆಯ ದಪ್ಪ ಟಿ.ವಿ.ಯನ್ನೂ ಗೇಮ್ ಸೆಟ್ಟನ್ನೂ ಗುಜರಿಗೆ ಹಾಕಬಹುದೇ ಎಂಬ ಪ್ರಶ್ನೆಯೊಂದು ಕೊನೆಯಲ್ಲಿದೆ.

ಮಾನ್ಯರೇ,

ನಿಮ್ಮ ಸವಾಲಿನ ಅರ್ಧವನ್ನು ಒಪ್ಪುತ್ತೇನೆ. ನೀವು ಎತ್ತಿ ತೋರಿಸಿದ ಆ ವಾಕ್ಯವನ್ನು ಅಚ್ಚಿಗೆ ಬಿಟ್ಟವನು ನಾನೇ, ಮತ್ತು ಅದು ತಪ್ಪು. ಆದರೆ 'ಇಳಿದಿದೆ' ಎನ್ನುವ ನಿಮ್ಮ ಮಾತೂ ಅದೇ ತಪ್ಪಿನ ಇನ್ನೊಂದು ಮಗ್ಗುಲು ಎಂದು ನನಗೆ ತೋರುತ್ತದೆ. ಇಬ್ಬರೂ ಒಂದು ನೇರ ಗೆರೆ ಎಳೆದೆವು; ನಾವು ಮೇಲಕ್ಕೆ ಎಳೆದೆವು, ನೀವು ಕೆಳಕ್ಕೆ ಎಳೆದಿರಿ. ನಿಮ್ಮ ಪತ್ರ ಬಂದ ಮೇಲೆ ಎರಡು ಭಾನುವಾರ ಮೈಸೂರಿನ ನಮ್ಮ ಸರಸ್ವತಿಪುರಂ ಕಚೇರಿಯ ಹಿಂದಿನ ಕೋಣೆಯಲ್ಲಿ ಹಳೆಯದು ಹೊಸದೆನ್ನದೆ ಸಿಕ್ಕ ಆಟಗಳನ್ನೆಲ್ಲ ಹಾಕಿ ನೋಡಿದೆವು. ಅಲ್ಲಿ ಕಂಡದ್ದು ಗರಗಸದ ಬಾಯಿಯಂಥ ಗೆರೆ: ಏರುತ್ತದೆ, ಥಟ್ಟನೆ ಬೀಳುತ್ತದೆ, ಮತ್ತೆ ಏರುತ್ತದೆ.

ಮೊದಲು ನಿಮ್ಮ ಮಾರಿಯೋವನ್ನೇ ತೆಗೆದುಕೊಳ್ಳೋಣ. 1985ರಲ್ಲಿ ನಿಂಟೆಂಡೊ ಹೊರತಂದ 'ಸೂಪರ್ ಮಾರಿಯೋ ಬ್ರದರ್ಸ್' ಇಡೀ ಆಟದ ತೂಕ 40 ಕೆ.ಬಿ. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಸಾಧಾರಣ ಫೋಟೊದ ಜಾಗದಲ್ಲಿ ಅಂಥ ನೂರು ಮಾರಿಯೋಗಳನ್ನು ತುಂಬಬಹುದು. ನಿಮ್ಮ ಮಗನ ಆಟ ಅದರ 25 ಲಕ್ಷ ಪಟ್ಟು ದೊಡ್ಡದು. ಕ್ಯಾಸೆಟ್ಟಿನಲ್ಲಿ ಚಿತ್ರಗಳಿಗೆಂದು ಇದ್ದ ಜಾಗ ಬರೀ 8 ಕೆ.ಬಿ. ಆದ್ದರಿಂದ ಮಾರಿಯೋ ಮಾಡಿದವರು ಎಷ್ಟು ಜಿಪುಣತನದಿಂದ ಬಾಳ್ವೆ ಮಾಡಿದ್ದಾರೆಂದರೆ, ಆಕಾಶದ ಮೋಡವೂ ನೆಲದ ಪೊದೆಯೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಮೂವತ್ತು ವರ್ಷ ಆಡಿದ ನಮ್ಮ ಪುಟ ವಿನ್ಯಾಸಕರಿಗೆ ಇದನ್ನು ತೋರಿಸಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇನ್ನು ಮೊದಲ ಸ್ಟೇಜಿನ ಮೊದಲ ಹತ್ತು ಸೆಕೆಂಡುಗಳನ್ನು ನೆನಪಿಸಿಕೊಳ್ಳಿ. ಎಡಗಡೆ ಖಾಲಿ, ಬಲಗಡೆ ಬಯಲು. ಆದ್ದರಿಂದ ಯಾರೂ ಹೇಳದಿದ್ದರೂ ಬಲಕ್ಕೆ ಹೊರಡುತ್ತೀರಿ. ಎದುರಿಗೆ ಸಿಡುಕು ಮೋರೆಯ ಒಂದು ಪ್ರಾಣಿ ಬರುತ್ತದೆ. ಮುಟ್ಟಿದರೆ ಒಂದು ಲೈಫ್ ಹೋಗುತ್ತದೆ, ಆದರೆ ಆಟ ಈಗಷ್ಟೇ ಶುರುವಾದದ್ದರಿಂದ ನಷ್ಟವೇನೂ ಇಲ್ಲ. ಮುಂದೆ ಪ್ರಶ್ನೆ ಚಿಹ್ನೆಯ ಪೆಟ್ಟಿಗೆಗೆ ತಲೆ ಬಡಿದರೆ ಅಣಬೆಯೊಂದು ಹೊರಬಂದು ಬಲಕ್ಕೆ ಹೊರಡುತ್ತದೆ, ಕೊಳವೆಗೆ ಡಿಕ್ಕಿ ಹೊಡೆದು ನಿಮ್ಮತ್ತಲೇ ತಿರುಗುತ್ತದೆ. ಇದೂ ಶತ್ರುವಿರಬೇಕೆಂದು ಹೆದರಿ ಹಾರಿದರೂ ಮೇಲಿನ ಇಟ್ಟಿಗೆಗೆ ತಲೆ ತಾಗಿ ಅದರ ಮೇಲೆಯೇ ಬೀಳುವ ಸಂಭವ ಹೆಚ್ಚು, ಬಿದ್ದರೆ ದೊಡ್ಡವರಾಗುತ್ತೀರಿ. ಒಂದಕ್ಷರ ಬರೆಯದೆ ಇಷ್ಟನ್ನೂ ಕಲಿಸಿದ್ದಾರೆ. ಇದರ ಜೊತೆಗೆ, ಗುಂಡಿಯನ್ನು ಎಷ್ಟು ಹೊತ್ತು ಒತ್ತಿ ಹಿಡಿಯುತ್ತೀರೋ ಜಿಗಿತ ಅಷ್ಟು ಎತ್ತರ. ಈ ಜಿಗಿತವನ್ನು ಮೀರಿಸಿದ ಜಿಗಿತ ಇವತ್ತಿನವರೆಗೂ ನನ್ನ ಕೈಗೆ ಸಿಕ್ಕಿಲ್ಲ. ಇಷ್ಟರ ಮಟ್ಟಿಗೆ ನೀವು ಗೆದ್ದಿರಿ.

ಇಲ್ಲೊಂದು ಅಡ್ಡಮಾತು. ನೀವು ಮಂಡ್ಯದಲ್ಲಿ ಆಡಿದ ಮಾರಿಯೋ ಜಪಾನಿನ ಮಕ್ಕಳು ಆಡಿದ ಮಾರಿಯೋ ಅಲ್ಲದೆ ಇರಬಹುದು. ಅಲ್ಲಿನ ಟಿ.ವಿ. ಸೆಕೆಂಡಿಗೆ 60 ಸಲ ಚಿತ್ರ ಬರೆದರೆ ನಮ್ಮದು 50 ಸಲ ಬರೆಯುತ್ತಿತ್ತು. ಆಟದ ಓಟ ಚಿತ್ರದ ಎಣಿಕೆಗೆ ಕಟ್ಟುಬಿದ್ದಿದ್ದರಿಂದ, 50ರ ಲೆಕ್ಕಕ್ಕೆ ಮಾಡಿದ, ನಿಂಟೆಂಡೊ ಯಂತ್ರದ ನಕಲಿ ಸೆಟ್ಟಿನಲ್ಲಿ ಜಪಾನಿನ ಆಟ ಹಾಕಿದರೆ ಎಲ್ಲವೂ ಆರರಲ್ಲೊಂದು ಪಾಲು ನಿಧಾನವಾಗುತ್ತದೆ. ಕಚೇರಿಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ಹಾಡಿನ ಶ್ರುತಿ ಹೆಚ್ಚುಕಡಿಮೆ ಹಾಗೆಯೇ ಇದೆ, ಲಯ ಮಾತ್ರ ವಿಳಂಬ. ನಮ್ಮ ಬಾಲ್ಯದ ಮಾರಿಯೋ ನಿಜವಾಗಿಯೂ ಸ್ವಲ್ಪ ಸುಲಭವಾಗಿತ್ತು ಎಂದು ತಿಳಿದು ನನಗೆ ಬೇಜಾರಾಯಿತು. ಗುಣಮಟ್ಟ ಹೋಲಿಸಲು ಹೊರಟವರು, ತಾವು ಹೋಲಿಸುತ್ತಿರುವುದು ಆಟವನ್ನೋ, ಅದನ್ನು ತೋರಿಸಿದ ಟಿ.ವಿ.ಯನ್ನೋ ಎಂದು ಮೊದಲೇ ಕೇಳಿಕೊಳ್ಳಬೇಕು. 1991ರ 'ಸೋನಿಕ್' ಆಟದ ಜಲಪಾತ ಇಂದಿನ ಟಿ.ವಿ.ಯಲ್ಲಿ ಉದ್ದುದ್ದ ಪಟ್ಟಿಗಳಾಗಿ ಕಾಣುತ್ತದೆ, ಹಳೆಯ ಟಿ.ವಿ.ಯ ಮಸುಕು ಅದೇ ಪಟ್ಟಿಗಳನ್ನು ಒಂದರೊಳಗೊಂದು ಬೆರೆಸಿ, ನೀರಿನಾಚೆಯದು ಕಾಣುವ ಹಾಗೆ ಮಾಡುತ್ತಿತ್ತು.

ನಿಮ್ಮ ವಾದಕ್ಕೆ ಸೋಲಾಗುವುದು ಇನ್ನೊಂದು ಕಡೆ. ಮಾರಿಯೋ ಬಂದ ಯಂತ್ರಕ್ಕೆ ಅಮೆರಿಕದಲ್ಲಿ ಅಧಿಕೃತವಾಗಿ ಬಂದ ಆಟಗಳೇ 700ರ ಆಸುಪಾಸು. ನೀವು ಪತ್ರದಲ್ಲಿ ಹೆಸರಿಸಿದ್ದು ಆರನ್ನು. ಉಳಿದವುಗಳಲ್ಲಿ ಬಹುಪಾಲು ಯಾಕೆ ನೆನಪಿಲ್ಲ? ಅವು ನೆನಪಿಡುವಂತೆ ಇರಲಿಲ್ಲ. ನನ್ನ ಮಾವ ಶಿವರಾಂಪೇಟೆಯ ಅಂಗಡಿಯೊಂದರಿಂದ ತಂದುಕೊಟ್ಟ ಕ್ಯಾಸೆಟ್ಟಿನ ಮೇಲೆ 9999 ಆಟಗಳೆಂದು ಅಚ್ಚಾಗಿತ್ತು. ಒಳಗಿದ್ದವು ಏಳು ಆಟ, ಮಿಕ್ಕದ್ದೆಲ್ಲ ಅವೇ ಆಟಗಳ ಬೇರೆ ಬೇರೆ ಸ್ಟೇಜುಗಳಿಗೆ ಹೊಸ ಹೆಸರು. ಅದಕ್ಕೂ ಹಿಂದಿನ ಪೀಳಿಗೆಯ ಕಥೆ ಇನ್ನೂ ಘೋರ. ಅಟಾರಿ ಕಂಪನಿ 1982ರ ಕ್ರಿಸ್‌ಮಸ್ ವ್ಯಾಪಾರಕ್ಕೆಂದು 'ಇ.ಟಿ.' ಆಟವನ್ನು ಐದೇ ವಾರಗಳಲ್ಲಿ ಮಾಡಿಸಿತು. ಮಾರಾಟವಾಗದ ಕ್ಯಾಸೆಟ್ಟುಗಳನ್ನು ಮರುವರ್ಷ ನ್ಯೂ ಮೆಕ್ಸಿಕೋದ ಕಸದ ಹೊಂಡದಲ್ಲಿ ಹೂಳಿದರು, 2014ರಲ್ಲಿ ಅಗೆದು ತೆಗೆದರು. ಹಳೆಯ ಕಾಲದ ಕಾಳನ್ನು ಕಾಲವೇ ಮೊರದಲ್ಲಿ ಕೇರಿ ನಿಮ್ಮ ಮುಂದಿಟ್ಟಿದೆ. ಹೊಸ ಕಾಲದ್ದನ್ನು ನೀವು ಹೊಟ್ಟಿನ ಸಮೇತ ತಿನ್ನುತ್ತಿದ್ದೀರಿ.

ಕಾಂಟ್ರಾ ಕಷ್ಟವಾಗಿತ್ತು, ಇಂದಿನ ಆಟಗಳು ಮಕ್ಕಳನ್ನು ಮುದ್ದು ಮಾಡುತ್ತವೆ ಎಂದೂ ಬರೆದಿದ್ದೀರಿ. ಆ ಕಷ್ಟದಲ್ಲಿ ಒಂದು ಪಾಲು ಕಲೆ, ಒಂದು ಪಾಲು ವ್ಯಾಪಾರ. ಕಾಸು ಹಾಕಿ ಆಡುವ ಅಂಗಡಿ ಯಂತ್ರಕ್ಕೆಂದು ಹುಟ್ಟಿದ ಆಟ ಬೇಗ ಬೇಗ ಸೋಲಿಸಬೇಕು, ಇಲ್ಲದಿದ್ದರೆ ಮುಂದಿನ ನಾಣ್ಯ ಬೀಳುವುದಿಲ್ಲ. ಎಂಟು ಸ್ಟೇಜುಗಳ ಕಾಂಟ್ರಾವನ್ನು ಕೈಪಳಗಿದವರು ಅರ್ಧ ಗಂಟೆಯೊಳಗೆ ಮುಗಿಸುತ್ತಾರೆ; ಮೂರೇ ಲೈಫ್ ಕೊಟ್ಟದ್ದರಿಂದ ನಮಗದು ಒಂದು ಬೇಸಿಗೆ ರಜೆಯಷ್ಟು ದೊಡ್ಡದಾಯಿತು. 30 ಲೈಫಿನ ಆ ಗುಟ್ಟು, ಮೇಲೆ-ಮೇಲೆ-ಕೆಳಗೆ-ಕೆಳಗೆ, ಬಾಯಿಪಾಠವಿಲ್ಲದ ಹುಡುಗ ನಮ್ಮ ಬೀದಿಯಲ್ಲಿ ಇರಲಿಲ್ಲ ಎಂಬುದನ್ನೂ ಮರೆಯಬಾರದು. ಮತ್ತೆ, ಆಟವನ್ನು ಉಳಿಸಿಡುವ ಅನುಕೂಲ ಮಾರಿಯೋದಲ್ಲಿ ಇರಲಿಲ್ಲ. ಎಂಟನೇ ಲೋಕ ಮುಟ್ಟಿದ ಸಂಜೆಯೇ ಕರೆಂಟು ಹೋಗಿ, ಬಂದ ಮೇಲೆ ಒಂದನೇ ಲೋಕದಿಂದ ಶುರು ಮಾಡಿದ್ದು ನಿಮಗೂ ಆಗಿರಲೇಬೇಕು. ಅದು ಗುಣಮಟ್ಟವೇ? ಅಲ್ಲ, ಅದು ಕೊರತೆ. ಇಂದು ಅದು ನೀಗಿದೆ, ಅಷ್ಟು ಒಳ್ಳೆಯದೇ.

ಈಗ ಗರಗಸದ ಹಲ್ಲಿನ ಮಾತು. ನಮ್ಮ ಎರಡು ಭಾನುವಾರಗಳಲ್ಲಿ ಆಡಲು ಅತ್ಯಂತ ತ್ರಾಸವಾದದ್ದು ತೀರ ಹಳೆಯ ಆಟಗಳಲ್ಲ, ನಡುವಿನವು. 1990ರ ದಶಕದ ಮೊದಲಿಗೆ ಚಪ್ಪಟೆ ಚಿತ್ರದ ಆಟಗಳ ಕಸುಬು ಹದಕ್ಕೆ ಬಂದಿತ್ತು. 1994ರ ಕೊನೆಗೆ ಜಪಾನಿನಲ್ಲಿ ಪ್ಲೇಸ್ಟೇಷನ್ ಬಂತು, 1996ರಲ್ಲಿ ನಿಂಟೆಂಡೊ 64 ಬಂತು. ಆಟದ ಚಿತ್ರಕ್ಕೆ ಆಳ (3ಡಿ) ಸಿಕ್ಕಿತು, ಅದುವರೆಗೆ ಕಲಿತದ್ದರಲ್ಲಿ ಅರ್ಧ ಉಪಯೋಗಕ್ಕೆ ಬಾರದಾಯಿತು. ವೀಣೆಯಲ್ಲಿ ಪಳಗಿದವರ ಕೈಗೆ ಪಿಟೀಲು ಕೊಟ್ಟ ಹಾಗೆ. ರಾಗಜ್ಞಾನ ಎಲ್ಲಿಗೂ ಹೋಗಿರುವುದಿಲ್ಲ, ಕಮಾನು ಮಾತ್ರ ಕಿರ್ರೆನ್ನುತ್ತದೆ. ಯಾವ ಕಡೆಯಿಂದ ನೋಡಬೇಕು ಎಂಬ ಪ್ರಶ್ನೆಯೇ ಹಿಂದಿನ ಆಟಗಳಲ್ಲಿ ಇರಲಿಲ್ಲ. 'ಸೂಪರ್ ಮಾರಿಯೋ 64' ಮಾಡಿದವರು ಕ್ಯಾಮೆರಾವನ್ನು ಮೋಡದ ಮೇಲೆ ಕೂತ ಪಾತ್ರವೊಂದರ ಕೈಗೆ ಕೊಟ್ಟು, 'ಇವನು ನಿಮ್ಮನ್ನು ಚಿತ್ರಿಸುತ್ತಿದ್ದಾನೆ' ಎಂದು ಆಟಗಾರರಿಗೆ ಪರಿಚಯ ಮಾಡಿಸಬೇಕಾಯಿತು. ಆಗಿನ ಪ್ಲೇಸ್ಟೇಷನ್ನಿನಲ್ಲಿ ಗೋಡೆಯ ಹತ್ತಿರ ಹೋದರೆ ಗೋಡೆಯ ಚಿತ್ರ ನೀರಿನಲ್ಲಿ ನೋಡಿದಂತೆ ಬಳುಕುತ್ತದೆ, ಏಕೆಂದರೆ ದೂರ ಹತ್ತಿರಗಳ ಲೆಕ್ಕ ಹಿಡಿದು ಚಿತ್ರವನ್ನು ಅಂಟಿಸುವ ಶಕ್ತಿ ಆ ಯಂತ್ರಕ್ಕೆ ಇರಲಿಲ್ಲ. 1999ರ 'ಸೈಲೆಂಟ್ ಹಿಲ್'ನವರು ದೂರದ್ದನ್ನು ಚಿತ್ರಿಸಲಾಗದ ಅಶಕ್ತಿಯನ್ನು ಮಂಜಿನಲ್ಲಿ ಮುಚ್ಚಿ, ಆ ಮಂಜನ್ನೇ ಭಯದ ಮೂಲವಾಗಿಸಿದರು. ಇಂಥ ಜಾಣತನ ಎಲ್ಲರಿಗೂ ಒಲಿಯಲಿಲ್ಲ.

ರಿಮೋಟಿನ ಎಡಗಡೆಯ ಕಡ್ಡಿಯಿಂದ ನಡೆ, ಬಲಗಡೆಯ ಕಡ್ಡಿಯಿಂದ ನೋಟ ಎಂಬ ಪದ್ಧತಿ ಇವತ್ತಿನ ಮಗುವಿಗೆ ಉಸಿರಾಟದಷ್ಟು ಸಹಜ. 2000ದಲ್ಲಿ 'ಏಲಿಯನ್ ರೆಸರೆಕ್ಷನ್' ಎಂಬ ಆಟ ಇದೇ ಪದ್ಧತಿ ತಂದಾಗ ವಿಮರ್ಶಕರೊಬ್ಬರು ಅದನ್ನೇ ಆಟದ ದೊಡ್ಡ ದೋಷವೆಂದು ಬೈದರು. ಮರುವರ್ಷ 'ಹೇಲೋ' ಬಂದು ಅದೇ ರೂಢಿಯಾಗಿ ನೆಲೆಯೂರಿತು. ಹೀಗೆ ಆರೇಳು ವರ್ಷ ತಡಕಾಡಿ ಕಸುಬು ಮತ್ತೆ ಹದಕ್ಕೆ ಬಂತು. ನಮ್ಮ ಕಚೇರಿಯ ಇಪ್ಪತ್ತೆರಡರ ಉಪಸಂಪಾದಕಿ ಮಾರಿಯೋವನ್ನು ಎರಡು ಗಂಟೆ ಆಡಿದರು. 1996ರ 'ಟೂಂಬ್ ರೈಡರ್' ಹಾಕಿದರೆ, ತಿರುಗಲು ಒಂದು ಗುಂಡಿ, ನಡೆಯಲು ಇನ್ನೊಂದು ಎಂದು ಹತ್ತೇ ನಿಮಿಷಕ್ಕೆ ರಿಮೋಟ್ ಕೆಳಗಿಟ್ಟು ಕಾಫಿಗೆ ಹೋದರು.

ಎರಡನೇ ಬೀಳು ಇಂಟರ್‌ನೆಟ್ಟಿನಿಂದ ಬಂತು, ಅದರ ಮಟ್ಟಿಗೆ ನಿಮ್ಮ ಕೋಪ ನ್ಯಾಯವಾದದ್ದೇ. ಕ್ಯಾಸೆಟ್ ಕಾರ್ಖಾನೆಯಿಂದ ಹೊರಟ ಮೇಲೆ ತಿದ್ದುಪಡಿ ಎಂಬುದೇ ಇರಲಿಲ್ಲ. ಆದ್ದರಿಂದ ಮುಗಿಸಿಯೇ ಮಾರಬೇಕಿತ್ತು. ಆಮೇಲೆ ತಿದ್ದಬಹುದು ಎಂಬ ಧೈರ್ಯ ಬಂದದ್ದೇ ತಡ, ಅರ್ಧ ಬೆಂದದ್ದನ್ನು ಎಲೆಗೆ ಬಡಿಸುವ ಚಾಳಿ ಬೆಳೆಯಿತು. 2020ರ ಡಿಸೆಂಬರಿನಲ್ಲಿ ಬಂದ 'ಸೈಬರ್‌ಪಂಕ್ 2077' ಹಳೆಯ ಪ್ಲೇಸ್ಟೇಷನ್ 4ರಲ್ಲಿ ಎಷ್ಟು ಮುಗ್ಗರಿಸಿತೆಂದರೆ, ಸೋನಿ ಸುಮಾರು ಒಂದು ವಾರದಲ್ಲೇ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದ ಇಳಿಸಿ 2021ರ ಜೂನ್‌ನಲ್ಲಿ ಮತ್ತೆ ಏರಿಸಿತು. ಅದೇ ಆಟ ಮುಂದಿನ ವರ್ಷಗಳಲ್ಲಿ ತಿದ್ದಿ ತಿದ್ದಿ ನಿಜಕ್ಕೂ ಚೆನ್ನಾಯಿತು. ಹಾಗಾದರೆ ಅದರ ಗುಣಮಟ್ಟವನ್ನು ಯಾವ ದಿನದ್ದೆಂದು ಹಿಡಿಯೋಣ? ಹಳೆಯ ಆಟಗಳಿಗೆ ಈ ತೊಡಕಿಲ್ಲ, ಆದ್ದರಿಂದಲೇ ಎರಡನ್ನೂ ಒಂದೇ ತಕ್ಕಡಿಗೆ ಹಾಕುವಾಗ ಕೈ ನಡುಗುತ್ತದೆ.

ಒಂದೇ ಒಂದು ಆಟ ಈ ಹೋಲಿಕೆಯನ್ನು ಸ್ವಲ್ಪ ಸುಲಭ ಮಾಡಿಕೊಡುತ್ತದೆ. ಹದಿನಾರು ಭೂತಾಕಾರದ ಪ್ರಾಣಿಗಳ ಮೈಮೇಲೆ ಹತ್ತಿ ಕೊಲ್ಲುವ 'ಶ್ಯಾಡೋ ಆಫ್ ದ ಕೊಲಾಸಸ್' 2005ರಲ್ಲಿ ಪ್ಲೇಸ್ಟೇಷನ್ 2ರಲ್ಲಿ ಬಂತು, 2011ರಲ್ಲಿ 3ಕ್ಕೆ, 2018ರಲ್ಲಿ ಚಿತ್ರಗಳನ್ನೆಲ್ಲ ಹೊಸದಾಗಿ ಬರೆದು 4ಕ್ಕೆ ಬಂತು. ವಿನ್ಯಾಸ ಒಂದೇ, ಯಂತ್ರ ಮೂರು. ಮೊದಲನೆಯದರಲ್ಲಿ ದೈತ್ಯ ಎದ್ದು ನಿಂತರೆ ಚಿತ್ರ ತಡವರಿಸುತ್ತದೆ. ಮೂರನೆಯದರಲ್ಲಿ ಎಣ್ಣೆ ಹಾಕಿದಂತೆ ಸಾಗುತ್ತದೆ, ಒಂದೊಂದು ಕೂದಲೂ ಕಾಣುತ್ತದೆ. ಆಟದ ನಾಯಕನ ಕುದುರೆ ಮಾತ್ರ ಮೂರರಲ್ಲೂ ಹೇಳಿದ ಮಾತು ಅರ್ಧವೇ ಕೇಳುತ್ತದೆ, ಅದು ಬೇಕೆಂದೇ ಹಾಗೆ ಮಾಡಿದ್ದು. ನನಗೆ ಹಿಡಿಸಿದ್ದು ಮೂರನೆಯದು, ನಮ್ಮ ವಿನ್ಯಾಸಕರಿಗೆ ಮೊದಲನೆಯದರ ಮಸುಕು ಬೆಳಕು. ಆದರೆ ದೈತ್ಯ ಬಿದ್ದಾಗ ಗೆದ್ದ ಖುಷಿಯ ಬದಲು ತಪ್ಪು ಮಾಡಿದಂಥ ಸಂಕಟ ಹುಟ್ಟುತ್ತದಲ್ಲ, ಅದು ಮೂರರಲ್ಲೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಿಲ್ಲ ಎನ್ನುವುದರಲ್ಲಿ ನಮ್ಮಿಬ್ಬರಿಗೂ ಒಮ್ಮತವಿತ್ತು.

ಇಸ್ಪೀಟೆಲೆಗಳ ಸಂಖ್ಯೆಯಿಂದ ಆಟ ದೊಡ್ಡದಾಗುವುದಿಲ್ಲ ಎಂಬುದು ಮೈಸೂರಿನವರಿಗೆ ಗೊತ್ತಿರಬೇಕಾದ ವಿಷಯ. ಮುಮ್ಮಡಿ ಕೃಷ್ಣರಾಜ ಒಡೆಯರು 120 ಎಲೆಗಳ ದಶಾವತಾರ ಗಂಜೀಫಾ ಎಂಬ ಇಸ್ಪೀಟಾಟ ಸಾಲದೆಂದು 300ಕ್ಕೂ ಮೀರಿದ ಎಲೆಗಳ ಗಂಜೀಫಾ ಮಾಡಿಸಿದರು. ಆದರೂ ನಮ್ಮ ಜಗುಲಿಗಳಲ್ಲಿ ಉಳಿದದ್ದು ಸೀಮೆಸುಣ್ಣದ ಗೆರೆ, ನಾಲ್ಕು ಹುಣಿಸೆ ಬೀಜಗಳ ಚೌಕಾಬಾರ. ನಿಮ್ಮ ಕಡೆಗೆ ವಾಲುವ ಈ ಉದಾಹರಣೆಯನ್ನು ನಾನೇ ಕೊಡುತ್ತಿದ್ದೇನೆ, ಬಳಸಿಕೊಳ್ಳಿ.

ಇನ್ನು ಗುಜರಿಯ ಪ್ರಶ್ನೆ. ದಯವಿಟ್ಟು ಹಾಕಬೇಡಿ. ಅಮೆರಿಕದಲ್ಲಿ ಬಿಡುಗಡೆಯಾದ ಹಳೆಯ ಆಟಗಳಲ್ಲಿ ಶೇ. 87ರಷ್ಟು ಇಂದು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ ಎಂದು ಅಲ್ಲಿನ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಕೊಟ್ಟಿದೆ. ನಮ್ಮ ನಕಲಿ ಸೆಟ್ಟುಗಳ ಲೆಕ್ಕ ಇಟ್ಟವರು ಯಾರು? ಟಿ.ವಿ.ಯನ್ನಂತೂ ಖಂಡಿತ ಉಳಿಸಿಕೊಳ್ಳಿ. ಬಾತುಕೋಳಿ ಹೊಡೆಯುವ ಆಟದ ಬಂದೂಕು ಅದರಲ್ಲಿ ಮಾತ್ರ ಕೆಲಸ ಮಾಡುತ್ತದೆ. ಬಂದೂಕಿನ ಕುದುರೆ (ಟ್ರಿಗರ್) ಎಳೆದ ಕ್ಷಣದಲ್ಲಿ ಪರದೆ ಕಪ್ಪಾಗಿ, ಬಾತುಕೋಳಿಯ ಜಾಗದಲ್ಲಿ ಬಿಳಿಯ ಚೌಕವೊಂದು ಮಿಂಚಿ ಮರೆಯಾಗುತ್ತದೆ, ಆ ಬೆಳಕನ್ನು ಬಂದೂಕಿನ ಕಣ್ಣು ಹಿಡಿಯುತ್ತದೆ, ಹೊಸ ಟಿ.ವಿ.ಗಳು ಆ ಚೌಕವನ್ನು ತೋರಿಸುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ವರ್ಷಗಟ್ಟಲೆ ಅಟ್ಟದಲ್ಲಿದ್ದ ಪೆಟ್ಟಿಗೆಯನ್ನು ನೀವೇ ಬಿಚ್ಚಲು ಹೋಗಬೇಡಿ, ಪಿಕ್ಚರ್ ಟ್ಯೂಬಿನಲ್ಲಿ ಉಳಿದ ಕರೆಂಟು ಪ್ರಾಣಕ್ಕೆ ಅಪಾಯ, ಹಳೆಯ ಟಿ.ವಿ. ಮೆಕ್ಯಾನಿಕ್ಕಿನ ಕೈಗೆ ಕೊಡಿ. ಕ್ಯಾಸೆಟ್ಟಿಗೆ ಬಾಯಿಂದ ಊದುವುದನ್ನೂ ನಿಲ್ಲಿಸಿ, ಉಸಿರಿನ ತೇವಕ್ಕೆ ಪಿನ್ನುಗಳು ತುಕ್ಕು ಹಿಡಿಯುತ್ತವೆ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಒಣಗಿದ ಮೇಲೆ ಹಾಕಿ. ಮೈಸೂರಿಗೆ ಬರುವುದಿದ್ದರೆ ಬಂದೂಕನ್ನೂ ತನ್ನಿ. ನಮ್ಮ ಹತ್ತಿರ ಟಿ.ವಿ. ಇದೆ, ಬಂದೂಕಿಲ್ಲ.

– ಸಂ.