ಬೇಸ್‌ಬಾಲ್‌ನಲ್ಲಿ ಒಂದೇ ಋತುವಿನಲ್ಲಿ ಅತಿ ಹೆಚ್ಚು ಸೋತ ತಂಡ ಯಾವುದು? ಅಷ್ಟೊಂದು ಸೋತದ್ದೇಕೆ?

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಈ ದಾಖಲೆ 1899ರ ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್ ತಂಡದ್ದು. ಆಡಿದ 154 ಪಂದ್ಯಗಳಲ್ಲಿ ಅದು ಗೆದ್ದದ್ದು 20, ಸೋತದ್ದು 134.

ಈ ದುರ್ಗತಿಗೆ ಮುಖ್ಯ ಕಾರಣ ಮಾಲೀಕರೇ. ತಂಡದ ಒಡೆಯರಾದ ರಾಬಿಸನ್ ಸಹೋದರರು ಆ ವರ್ಷ ಸೇಂಟ್ ಲೂಯಿಸ್ ತಂಡವನ್ನೂ ಕೊಂಡು, ಅಲ್ಲಿ ಹೆಚ್ಚು ಪ್ರೇಕ್ಷಕರು ಸೇರುತ್ತಾರೆಂಬ ಲೆಕ್ಕಾಚಾರದಿಂದ ಸೈ ಯಂಗ್, ಜೆಸ್ಸಿ ಬರ್ಕೆಟ್ ಅವರಂತಹ ಅತ್ಯುತ್ತಮ ಆಟಗಾರರನ್ನು ಅತ್ತ ಸಾಗಿಸಿದರು. ಒಬ್ಬರೇ ಎರಡು ತಂಡಗಳನ್ನು ಹೊಂದಲು ಆಗ ಅಡ್ಡಿಯಿರಲಿಲ್ಲ. ಬರಿದಾದ ತಂಡವನ್ನು ನೋಡಲು ತವರಿನ ಜನ ಬರಲಿಲ್ಲ. ಟಿಕೆಟ್ ಹಣದಲ್ಲಿ ಸಿಗುವ ಪಾಲು ಪ್ರಯಾಣದ ಖರ್ಚಿಗೂ ಸಾಲದೆಂದು ಎದುರಾಳಿ ತಂಡಗಳು ಕ್ಲೀವ್‌ಲ್ಯಾಂಡಿಗೆ ಬರಲು ಹಿಂಜರಿದದ್ದರಿಂದ, ಸ್ಪೈಡರ್ಸ್ 112 ಪಂದ್ಯಗಳನ್ನು ಪರಊರುಗಳಲ್ಲೇ ಆಡಿ 101ರಲ್ಲಿ ಸೋತಿತು. ಒಂದು ಹಂತದಲ್ಲಂತೂ ಸತತ 24 ಸೋಲು. ಇದನ್ನು ಆಟಗಾರರ ತಲೆಗೆ ಕಟ್ಟುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

1900ರ ನಂತರದ ಲೆಕ್ಕದಲ್ಲಿ ಅತಿ ಹೆಚ್ಚು ಸೋಲು ಕಂಡದ್ದು 2024ರ ಚಿಕಾಗೊ ವೈಟ್ ಸಾಕ್ಸ್: 162 ಪಂದ್ಯಗಳಲ್ಲಿ 121. ಆದರೂ ಅದು 41 ಪಂದ್ಯಗಳನ್ನು ಗೆದ್ದಿತ್ತು. ಸ್ಪೈಡರ್ಸ್ ತಂಡವನ್ನಾದರೋ ಋತು ಮುಗಿದ ಮೇಲೆ ಲೀಗ್ ಇನ್ನೂ ಮೂರು ತಂಡಗಳೊಂದಿಗೆ ಕೈಬಿಟ್ಟಿತು.