ನಾರು, ಉಮಿ, ಬೈಹುಲ್ಲು: ಮೊದಲು ಮಳೆಯ ಲೆಕ್ಕ ಹಾಕಿ

ಪ್ರಶ್ನೆ: ಉಡುಪಿಯಲ್ಲಿ ನಮ್ಮದು ತಾರಸಿ ಮನೆ. ಮಾರ್ಚ್ ಬಂತೆಂದರೆ ಮೇಲಿನ ಕೋಣೆಯಲ್ಲಿ ಸೆಕೆಗೆ ಮಲಗಲು ಆಗುವುದಿಲ್ಲ. ತೆಂಗಿನ ನಾರು, ಉಮಿ, ಬೈಹುಲ್ಲು, ಇವುಗಳಲ್ಲಿ ಶಾಖವನ್ನು ಯಾವುದು ಚೆನ್ನಾಗಿ ತಡೆಯುತ್ತದೆ?

ಉತ್ತರ: ಬೇಸಿಗೆ ಬಂದರೆ ಇದೇ ಪ್ರಶ್ನೆ. ಆದರೆ ಮಳೆಗಾಲದಲ್ಲಿ ಇವುಗಳ ಗತಿ ಏನು ಅಂತ ಯಾರೂ ಕೇಳುವುದಿಲ್ಲ. ನನಗೆ ಸಿಟ್ಟು ಬರುವುದು ಅಲ್ಲೇ.

ಒಣಗಿದ್ದಾಗ ಮೂರಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಶಾಖವಾಹಕತೆ, ಅಂದರೆ ಶಾಖ ಎಷ್ಟು ಸುಲಭವಾಗಿ ಹಾಯುತ್ತದೆ ಎನ್ನುವ ಅಳತೆ, ನಾರಿನ ಹಲಗೆಗೆ 0.04ರಿಂದ 0.05, ಉಮಿಗೂ ಹೆಚ್ಚುಕಡಿಮೆ ಅಷ್ಟೇ, ಒತ್ತಿ ಕಟ್ಟಿದ ಬೈಹುಲ್ಲಿಗೆ 0.05ರಿಂದ 0.08. ಕಡಿಮೆ ಇದ್ದಷ್ಟೂ ಒಳ್ಳೆಯದು. ಕಾಂಕ್ರೀಟಿಗೆ ಇದು ಸುಮಾರು 1.5. ಅಂದರೆ 2 ಇಂಚಿನ ನಾರಿನ ಹಲಗೆ ತಡೆಯುವ ಶಾಖವನ್ನು ತಡೆಯಲು 5 ಅಡಿ ದಪ್ಪದ ಕಾಂಕ್ರೀಟ್ ಬೇಕು.

ಆದರೆ ಶಾಖ ತಡೆಯುವುದು ನಾರಲ್ಲ, ಅದರೊಳಗೆ ಸಿಕ್ಕಿಕೊಂಡ ಗಾಳಿ. ಆ ಜಾಗಕ್ಕೆ ನೀರು ಹೊಕ್ಕರೆ ಕೆಲಸ ಕೆಟ್ಟಿತು. ನೀರು ನಿಂತ ಗಾಳಿಗಿಂತ 20 ಪಟ್ಟಿಗೂ ಜಾಸ್ತಿ ಶಾಖ ಸಾಗಿಸುತ್ತದೆ. ಬೈಹುಲ್ಲು ಕೊಳೆಯುತ್ತದೆ, ಒರಲೆ ಹಿಡಿಯುತ್ತದೆ. ಉಮಿ ದಿನ ಕಳೆದಂತೆ ಕುಸಿದು ಮೇಲೆ ಖಾಲಿ ಬಿಡುತ್ತದೆ. ನಾರಿನಲ್ಲಿ ಲಿಗ್ನಿನ್ ಎಂಬ ಗಟ್ಟಿ ಅಂಶ ಜಾಸ್ತಿ, ಹಾಗಾಗಿ ಬೇಗ ಕೊಳೆಯುವುದಿಲ್ಲ. ನಮ್ಮ ಕರಾವಳಿಗೆ ನಾನು ಹೇಳುವುದು ನಾರನ್ನೇ.

ಅದನ್ನೂ ಸ್ಲ್ಯಾಬಿನ ಕೆಳಗೆ ಅಂಟಿಸಬೇಡಿ. ಸ್ಲ್ಯಾಬ್ ಸೋರಿದರೆ ನಿಮಗೆ ಗೊತ್ತೇ ಆಗುವುದಿಲ್ಲ. ಮೊದಲು ತಾರಸಿಯ ಮೇಲೆ ಹಂಚಿನ ಮಾಡು ಹಾಕಿಸಿ, ಎರಡೂ ತುದಿಯಲ್ಲಿ ಗಾಳಿ ಆಡಲಿ. ಅದರಡಿ ಒಣ ಸ್ಲ್ಯಾಬಿನ ಮೇಲೆ ಹಲಗೆ ಹಾಸಿ. ಬಿಸಿಲು ಸ್ಲ್ಯಾಬಿಗೆ ಮುಟ್ಟುವುದೇ ಇಲ್ಲ. ವರ್ಷಕ್ಕೊಮ್ಮೆ ಎತ್ತಿ ನೋಡಬಹುದು. ಕರೆಂಟಿನ ವಯರನ್ನು ಮಾತ್ರ ಪೈಪಿನೊಳಗೇ ಎಳೆಸಿ. ನಾರಿಗೆ ಬೆಂಕಿ ಹತ್ತುತ್ತದೆ, ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಪ್ರಶ್ನೆ: ಸೆಗಣಿ ಬಣ್ಣ ಬಳಿದರೆ ಎಸಿ ಬೇಡ ಅಂತಾರೆ, ನಿಜವಾ?

ಉತ್ತರ: ಸುಳ್ಳು. 1 ಮಿಲಿಮೀಟರೂ ಇಲ್ಲದ ಪದರ ಏನು ಶಾಖ ತಡೆದೀತು? ತಾರಸಿಗೆ ಬಿಳಿ ಸುಣ್ಣ ಬಳಿದರೆ ಬಿಸಿಲು ವಾಪಸ್ ಹೋಗುತ್ತದೆ, ಅದು ಬಿಳುಪಿನ ಗುಣ. ಹೀಗೆ ಹೇಳಿ ಡಬ್ಬ ಮಾರುವವರಿಗೆ ದುಡ್ಡು ಕೊಡಬೇಡಿ.

ಪ್ರಶ್ನೆ: ಮುರಕಲ್ಲಿನ (ಕೆಂಪುಕಲ್ಲಿನ) ಗೋಡೆ ಇದ್ದರೆ ಸಾಕಲ್ವಾ?

ಉತ್ತರ: ಸಾಲದು. ಅದು ಹಗಲಿನ ಶಾಖ ಹಿಡಿದಿಟ್ಟು ರಾತ್ರಿ ಬಿಡುತ್ತದೆ. ಪಡುವಣ ಗೋಡೆಗೆ ನೆರಳು ಮಾಡಿ.