ನೀವ್ ಇಡುವುದಾ, ರೋಶೀನ್ ಇಡುವುದಾ?

ಗಂಡ ಐರ್ಲೆಂಡಿನ ಗಾಲ್ವೇ ಕಡೆಯವರು, ನಾವಿರುವುದು ಕ್ಯಾಲಿಫೋರ್ನಿಯಾ, ಮಗಳಿಗೆ ನೀವ್ ಅಂತ ಇಡಲಾ, ರೋಶೀನ್ ಅಂತ ಇಡಲಾ ಎಂದು ಕೇಳಿದ್ದೀರಿ. ನನ್ನ ಓಟು ರೋಶೀನ್‌ಗೆ.

ನೀವ್ ಚೆಂದದ ಹೆಸರೇ. ಐರಿಶ್ ದಂತಕಥೆಯಲ್ಲಿ ಒಶೀನನೆಂಬ ವೀರನನ್ನು ಬಿಳಿ ಕುದುರೆ ಮೇಲೆ ಮುಪ್ಪಿಲ್ಲದ ನಾಡಿಗೆ, ತೀರ್ ನ ನೋಗ್‌ಗೆ, ಕರೆದೊಯ್ದವಳು ಅವಳು. ಆದರೆ ಬರೆಯುವುದು ಎನ್-ಐ-ಎ-ಎಂ-ಎಚ್. ಐರಿಶ್‌ನಲ್ಲಿ ಎಂ-ಎಚ್ ಸೇರಿದರೆ ಇಲ್ಲಿ 'ವ್' ಉಚ್ಚಾರ. ಗೊತ್ತಿಲ್ಲದವರು 'ನಿಯಾಮ್' ಅಂತಲೇ ಓದುತ್ತಾರೆ. ಜೊತೆಗೆ ನಿಮ್ಮಮ್ಮ ಫೋನಲ್ಲಿ 'ನೀವ್ ಎಲ್ಲಿ?' ಅಂದರೆ ಯಾರನ್ನು ಕೇಳಿದ್ದು ಅಂತ ದಿನಾ ಗೊಂದಲ ಅಲ್ವಾ?

ರೋಶೀನ್ ನಮ್ಮ ಬಾಯಿಗೆ ಸಲೀಸು. ತೊಡಕು ಬರವಣಿಗೆಯದು. ಬರೆಯುವುದು ಆರ್-ಒ-ಐ-ಎಸ್-ಐ-ಎನ್; ಅದರ 'ಒ' ಮೇಲೂ ಎರಡನೇ 'ಐ' ಮೇಲೂ ಫಾದಾ ಎಂಬ ಓರೆಗೆರೆ ಬರುತ್ತದೆ. ಕ್ಯಾಲಿಫೋರ್ನಿಯಾದ ಜನನ ಪತ್ರದಲ್ಲಿ ಬಹುಕಾಲ ಇಂಗ್ಲಿಷಿನ 26 ಅಕ್ಷರಗಳಿಗಷ್ಟೇ ಜಾಗವಿತ್ತು, ಗೆರೆ ಬಿಟ್ಟುಹೋಗಬಹುದು. ಗಾಲ್ವೇಯಲ್ಲಿ ಅದಿಲ್ಲದೆಯೂ ಸರಿಯಾಗಿಯೇ ಓದುತ್ತಾರೆ. ಮನೆಯಲ್ಲಿ ನೀವು ಗೆರೆ ಹಾಕಿಯೇ ಬರೆಯಿರಿ, ಮಗುವಿಗೂ ಕಲಿಸಿ.

ಯಾವುದೇ ಇಟ್ಟರೂ, ಓದುವವರಿಗೆ ಸುಲಭವಾಗಲಿ ಅಂತ ಸುಮ್ನೆ ಸ್ಪೆಲಿಂಗ್ ಮಾತ್ರ ಬದಲಿಸಬೇಡಿ. ನಿಮ್ಮ ಅತ್ತೆಗೆ ಅದು ತಮ್ಮೂರಿನ ಹೆಸರು ಅನ್ನಿಸುವುದು ಆ ಅಕ್ಷರಗಳಿಂದಲೇ.